ತಕರಾರಿಲ್ಲದ ಬೀದಿ

“ಬುದ್ಧಿ, ನಮ್ಮ ಪೇಟೆ ಬೀದಿಗೆ ಮತ್ತೆ ಜೀವ ಬರಬೇಕಾದರೆ ಮೊದಲು ಯಾರನ್ನು ಎಬ್ಬಿಸಬೇಕು?” ಎಂದು ಕೊಟ್ರಯ್ಯ ಗುರುಗಳನ್ನು ಕೇಳಿದ.

ಕೊಟ್ರಯ್ಯನಿಗೆ ಅದೇ ಬೀದಿಯಲ್ಲಿ ಪಾತ್ರೆ ಅಂಗಡಿ. ಊರಾಚೆ ದೊಡ್ಡ ರಸ್ತೆ ಆದಮೇಲೆ ಪೇಟೆಗೆ ಬರುವ ಜನ ಕಡಿಮೆಯಾಗಿದ್ದರು. ಬೀದಿಯನ್ನು ಹೊಸದು ಮಾಡುವ ಕೆಲಸವನ್ನು ಊರಿನವರು ಅವನ ಕೈಗೇ ಕೊಟ್ಟಿದ್ದರು. ಅವನು ಅಂಗಡಿ ಅಂಗಡಿ ಹೊಕ್ಕು ಎಲ್ಲರ ತಕರಾರು ಕೇಳಿಕೊಂಡು ಬಂದಿದ್ದ. ನಾಳೆ ಸಭೆ. ಅಲ್ಲಿ ಅವನು ಬೆರಳು ತೋರಿಸಿದವರು ತಮ್ಮ ಗೂಡಂಗಡಿ, ತಳ್ಳುಗಾಡಿ, ಬುಟ್ಟಿ ಎತ್ತಿಕೊಂಡು ಹೊರಡಬೇಕು. ನಕ್ಷೆಯ ಸುರುಳಿ ಅವನ ಕಂಕುಳಲ್ಲಿತ್ತು.

ಗುರುಗಳು ನಕ್ಷೆ ಬಿಚ್ಚು ಎನ್ನಲಿಲ್ಲ. “ಕೂತುಕೋ. ಬೀದಿಗಳ ವಿಷಯದಲ್ಲಿ ನನ್ನಷ್ಟು ತಿಳಿದವರು ಈ ಸೀಮೆಯಲ್ಲೇ ಇಲ್ಲ. ಮಠ ಬಿಟ್ಟು ಕದಲುವವನಲ್ಲ ನಾನು, ಅದಕ್ಕೇ ಇಷ್ಟು ತಿಳಿದಿದೆ. ಈಗ ಹೇಳುವುದು ನಾನು ಹುಟ್ಟುವುದಕ್ಕೆ ನೂರು ವರ್ಷ ಹಿಂದೆ ನಡೆದದ್ದು. ಆದರೂ ಕಣ್ಣಾರೆ ಕಂಡದ್ದು. ನಂಬಿಕೆ ಇಲ್ಲದಿದ್ದರೆ ಆಗ ಇದ್ದವರನ್ನು ಕೇಳು,” ಎಂದು ಕತೆ ಶುರು ಮಾಡಿದರು.

ಒಂದು ಊರು. ಆ ಊರಿಗೊಂದು ಪೇಟೆ ಬೀದಿ. ಹಿಂದೆ ಅಲ್ಲಿ ಎಂಥ ನೂಕುನುಗ್ಗಲೆಂದರೆ, ಕೈಜಾರಿದ ಎಳ್ಳುಕಾಳು ನೆಲ ಮುಟ್ಟುವ ಮೊದಲೇ ಯಾರೋ ಅದನ್ನು ಚೌಕಾಸಿ ಮಾಡಿ ಕೊಂಡುಬಿಟ್ಟಿರುತ್ತಿದ್ದರು. ಸೀನು ಬಂದವನು ಊರ ಬಾಗಿಲಿನ ತನಕ ಹೋಗಿ ಸೀನಿ ಬರಬೇಕಿತ್ತು. ಬರುಬರುತ್ತ ಗಾಡಿಗಳು ಬಳಸುದಾರಿ ಹಿಡಿದವು. ಕೊನೆಗೆ, ಸೀನುವವನಿಗೆ ಬೀದಿಯ ನಡುವೆಯೇ ಧಾರಾಳವಾಗಿ ಜಾಗ ಸಿಗುವ ಹಾಗಾಯಿತು.

ಆ ಬೀದಿಯಲ್ಲಿ ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಅಪ್ಪ ಕಟ್ಟಿಕೊಟ್ಟ ಅಂಗಡಿ, ಅದೇ ಅವನ ಬದುಕು. ಹೀಗೇ ಹೋದರೆ ಬಾಗಿಲು ಮುಚ್ಚಬೇಕಾದೀತೆಂದು ಅವನಿಗೆ ದಿಗಿಲಾಯಿತು. ಬೀದಿಯನ್ನು ನಾನು ನೆಟ್ಟಗೆ ಮಾಡುತ್ತೇನೆಂದು ಊರ ಹಿರಿಯರ ಒಪ್ಪಿಗೆ ಪಡೆದ. ಅಂಗಡಿಯಿಂದ ಅಂಗಡಿಗೆ ಹೋಗಿ, ನಿಮ್ಮ ವ್ಯಾಪಾರಕ್ಕೆ ಏನು ಅಡ್ಡಿ ಎಂದು ವಿಚಾರಿಸಿದ.

ಎಲ್ಲರಿಗೂ ಅಡ್ಡಿ ಪಕ್ಕದವನೇ. ಮಂಡಕ್ಕಿ ಭಟ್ಟಿಯ ಹೊಗೆ ಬಂದು ನನ್ನ ಎಣ್ಣೆಯಲ್ಲಿ ಕೂರುತ್ತದೆ ಎಂದ ಗಾಣದವನು. ಗಾಣದ ಎತ್ತಿಗೆ ಕಣ್ಣು ಕಟ್ಟಿದ್ದಾನೆ, ಮೂಗು ಕಟ್ಟಿಲ್ಲ, ಸುತ್ತಿಗೊಂದು ಸಲ ನನ್ನ ಮಂಡಕ್ಕಿಗೆ ಬಾಯಿ ಹಾಕುತ್ತದೆ ಎಂದ ಭಟ್ಟಿಯವನು. ಕಮ್ಮಾರನ ಸುತ್ತಿಗೆ ಸದ್ದಿಗೆ ಹೆಂಗಸರ ಕೈ ಬೆಚ್ಚಿ ಬಳೆ ಒಡೆಯುತ್ತವೆ ಎಂದ ಬಳೆಗಾರ. ಬಳೆ ತೊಡಲು ಕೂತವರು ದಾರಿಗೆಲ್ಲ ಕಾಲು ಚಾಚುತ್ತಾರೆ, ನೇಗಿಲು ಹೊತ್ತವನು ಅವರನ್ನು ಹಾರಿಕೊಂಡು ನನ್ನ ಕುಲುಮೆಗೆ ಬರಬೇಕು ಎಂದ ಕಮ್ಮಾರ. ವ್ಯಾಪಾರಿಗೂ ಒಂದು ತಕರಾರಿತ್ತು. ಅವನ ಅಂಗಡಿಯ ಮೆಟ್ಟಿಲ ಮೇಲೆ ಒಬ್ಬ ಮುದುಕಿ ಹುರಿಗಡಲೆ ಬುಟ್ಟಿ ಇಟ್ಟುಕೊಂಡು ಕೂರುತ್ತಿದ್ದಳು. ಆದರೆ ಬಟ್ಟೆ ವ್ಯಾಪಾರಿಯ ಮೇಲೆ ಮಾತ್ರ ಯಾರೂ ಏನೂ ಹೇಳಲಿಲ್ಲ.

ತಕರಾರುಗಳಲ್ಲಿ ಒಂದೂ ಸುಳ್ಳಲ್ಲ. ಹಾಗಾಗಿ ಅವನಿಗೆ ಕೆಲಸ ಸುಲಭವಾಯಿತು. ಯಾರ ಮೇಲೆ ತಕರಾರಿತ್ತೋ ಅವರನ್ನೆಲ್ಲ ಎಬ್ಬಿಸಿದ. ಮುದುಕಿ ಬುಟ್ಟಿ ಹೊರುವಾಗ, “ಒಂದು ಕೈ ಹಚ್ಚಯ್ಯ, ಓಡಿಸೋದಾದರೂ ಮರ್ಯಾದೆಯಾಗಿ ಓಡಿಸು,” ಎಂದಳು. ಅವನು ಬುಟ್ಟಿಗೆ ಕೈ ಹಚ್ಚಿ ತಲೆಗೇರಿಸಿದ.

ಆಮೇಲೆ ಚಪ್ಪಡಿ ಹಾಸಿಸಿದ. ಗೋಡೆಗಳಿಗೆ ಸುಣ್ಣ ಹೊಡೆಸಿದ. ದೀಪದ ಕಂಬ ನಿಲ್ಲಿಸಿದ. ಬೀದಿ ಎಷ್ಟು ನುಣುಪಾಯಿತೆಂದರೆ, ಕೂರಲು ಬಂದ ನೊಣ ಜಾರಿಕೊಂಡು ಹೋಗಿ ಪಕ್ಕದ ಊರಿನಲ್ಲಿ ನಿಲ್ಲುತ್ತಿತ್ತು. ಬೇರೆ ಊರಿನವರು ನೋಡಲು ಬಂದರು. ಭೇಷ್ ಎಂದರು. ಹೋದರು.

ಹೋದದ್ದೇ ತೊಂದರೆಯಾಯಿತು. ಯಾರೂ ನಿಲ್ಲಲಿಲ್ಲ. ವ್ಯಾಪಾರಿ ದಿನವೂ ಗಾದಿ ಕೊಡವಿ ಕೂತ, ದಿನವೂ ಹಾಗೇ ಎದ್ದ. ಮಡಿಸಿದ್ದ ಸೀರೆಗಳನ್ನೇ ಬಿಡಿಸಿ ಮತ್ತೆ ಮಡಿಸಿದ. ಕೈ ಖಾಲಿಯಾದಾಗ ತಲೆಗೆ ಕೆಲಸ ಬಂತು. ಅಷ್ಟು ವರ್ಷ ತನ್ನ ಅಂಗಡಿಗೆ ಬರುತ್ತಿದ್ದವರು ಯಾರು ಎಂದು ಯೋಚಿಸಿದ. ಕಮ್ಮಾರನಿಗೆ ನೇಗಿಲ ಕುಳ ಕೊಟ್ಟವನು ಅದು ಕಾದು ಕೆಂಪಾಗುವ ತನಕ ಒಳಗೆ ಬಂದು ಪಂಚೆ ನೋಡುತ್ತಿದ್ದ. ಗಾಣಕ್ಕೆ ಕುಸುಬೆ ಹಾಕಿಸಿದವಳು ಎಣ್ಣೆ ಇಳಿಯುವ ತನಕ ಸೀರೆಯ ಸೆರಗು ಮುಟ್ಟಿ ನೋಡುತ್ತಿದ್ದಳು. ಮಕ್ಕಳ ಬಾಯಿಗೆ ಮುದುಕಿಯ ಕಡಲೆ ಬಿದ್ದಮೇಲೆಯೇ ತಾಯಂದಿರು ಇನ್ನೊಂದು ಸೀರೆ ತೋರಿಸು ಎನ್ನುತ್ತಿದ್ದರು. ಬಟ್ಟೆಗೆಂದೇ ಮನೆಯಿಂದ ಹೊರಟವರು ಅಪರೂಪ. ಮಿಕ್ಕವರೆಲ್ಲ ಇನ್ನೇನಕ್ಕೋ ಕಾಯುತ್ತ ಬಂದವರು.

ವ್ಯಾಪಾರಿ ಅಂಗಡಿಗೆ ಬೀಗ ಹಾಕಿ, ಎಬ್ಬಿಸಿದವರನ್ನು ಹುಡುಕಿಕೊಂಡು ಹೊರಟ. ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಹೋಗಿರಬೇಕೆಂದುಕೊಂಡಿದ್ದ. ಕೆರೆ ಏರಿಯ ಕೆಳಗೆ ಹೊಗೆ ಕಂಡಿತು. ಹೋಗಿ ನೋಡಿದರೆ ಭಟ್ಟಿಯ ಮಗ್ಗುಲಲ್ಲೇ ಗಾಣ. ಎತ್ತು ಮಂಡಕ್ಕಿಗೆ ಬಾಯಿ ಹಾಕುತ್ತಿತ್ತು. ಕಮ್ಮಾರ ಬಡಿಯುತ್ತಿದ್ದ, ಬಳೆಗಾರ ಗೊಣಗುತ್ತಿದ್ದ. ಸುತ್ತ ಜನವೋ ಜನ.

“ಊರ ಸುತ್ತ ಇಷ್ಟು ಬಯಲಿದೆ. ಒಬ್ಬರಿಗೊಬ್ಬರು ಆಗದವರು ಮತ್ತೆ ಒಂದೇ ಕಡೆ ಯಾಕೆ ಸೇರಿಕೊಂಡಿರಿ?” ವ್ಯಾಪಾರಿ ಮುದುಕಿಯನ್ನು ಕೇಳಿದ.

“ಬೇರೆ ಬೇರೆ ಕೂತೂ ನೋಡಿದೆವು ಯಜಮಾನ,” ಎಂದಳು ಮುದುಕಿ. “ಗಿರಾಕಿ ಬರಲಿಲ್ಲ. ಬೈಯೋಕೂ ಯಾರೂ ಸಿಗಲಿಲ್ಲ. ಹೊತ್ತು ಹೋಗೋದಾದರೂ ಹೆಂಗೆ?”

“ಪೇಟೆಗೆ ವಾಪಸು ಬನ್ನಿ. ನಿಮ್ಮ ಜಾಗ ನಿಮಗೇ.”

“ನೀನು ಹಾಸಿದ ಆ ಕಲ್ಲಿನ ಮೇಲಾ? ಮಧ್ಯಾಹ್ನದ ಬಿಸಿಲಿಗೆ ಕಡಲೆ ಜೊತೆ ನಾನೂ ಹುರಿದುಹೋಗ್ತೀನಿ. ಬೇಕಾದರೆ ನೀನೇ ಇಲ್ಲಿಗೆ ಬಾ. ಓ ಅಲ್ಲಿ, ಗಾಣದ ಪಕ್ಕ ಒಂಚೂರು ಜಾಗ ಇದೆ.”

ವ್ಯಾಪಾರಿ ಹಿಂದಿರುಗಿ ಹೋದ. ಅಪ್ಪನ ಅಂಗಡಿಯ ಹೊಸ್ತಿಲಲ್ಲಿ ತುಸು ಹೊತ್ತು ನಿಂತ. ಆಮೇಲೆ ಬಟ್ಟೆಯ ಗಂಟು ಕಟ್ಟಿ ತಲೆಯ ಮೇಲೆ ಹೊತ್ತು ಕೆರೆ ಏರಿಯ ಕೆಳಗೆ ಬಂದ. ಮಣ್ಣಿನ ಮೇಲೆ ಚಾಪೆ ಹಾಸಿ ಗಂಟು ಬಿಚ್ಚಿದ. ಎಣ್ಣೆಗೆ ಕಾಯುತ್ತಿದ್ದವನೊಬ್ಬ ಬಂದು ಪಂಚೆ ಬೇಕೆಂದ. ಅವನಿಗೆ ಪಂಚೆ ಅಳೆಯುತ್ತಿರುವಾಗಲೇ ಗಾಣದವನು ಕೂಗಿ ಹೇಳಿದ: “ಏ ಮಾರಾಯ, ನೀನು ಬಟ್ಟೆ ಕೊಡವಿದರೆ ನೂಲೆಲ್ಲ ಹಾರಿ ನನ್ನ ಎಣ್ಣೆಗೆ ಬೀಳ್ತದೆ. ಒಂಚೂರು ಆಚೆ ಸರಿ.”

ವ್ಯಾಪಾರಿ ಹುಟ್ಟಿದ ಮೇಲೆ ಅವನ ಮೇಲೆ ಬಂದ ಮೊದಲ ತಕರಾರು ಅದು. ಅವನು ಒಂದು ಗೇಣು ಸರಿದ. ಬಳೆಗಾರ, ನನ್ನ ಮೈಮೇಲೇ ಬರುತ್ತೀಯಲ್ಲ ಎಂದ. ವ್ಯಾಪಾರಿ ಅರ್ಧ ಗೇಣು ಈಚೆ ಬಂದು, ನಗುತ್ತ ಪಂಚೆ ಹರಿದು ಕೊಟ್ಟ.

ಗುರುಗಳು ಕತೆ ನಿಲ್ಲಿಸಿದರು. ಕೊಟ್ರಯ್ಯ ಕಂಕುಳ ಸುರುಳಿಯನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡ. ನಾಳೆಯ ಸಭೆ ಅವನ ತಲೆಯಿಂದ ಇಳಿದಿರಲಿಲ್ಲ.

“ಹಾಗಾದರೆ ಯಾರನ್ನೂ ಎಬ್ಬಿಸುವುದು ಬೇಡವೇ ಬುದ್ಧಿ?” ಎಂದ.

“ನಿನ್ನ ಪಾತ್ರೆ ಅಂಗಡಿಯ ಮೇಲೆ ಏನೇನು ತಕರಾರು ಬಂತು?”

“ಒಂದೂ ಬರಲಿಲ್ಲ ಬುದ್ಧಿ,” ಎಂದ ಕೊಟ್ರಯ್ಯ. ಮಾತಿನಲ್ಲಿ ತುಸು ಹೆಮ್ಮೆ ಇತ್ತು.

ಗುರುಗಳು, “ಎಬ್ಬಿಸಲೇಬೇಕೆಂದಿದ್ದರೆ ಆ ಅಂಗಡಿಯಿಂದಲೇ ಶುರು ಮಾಡು,” ಎಂದರು.