ಕುಡಿದು ಬಿಡು

ಇದು ನಮ್ಮಜ್ಜಿ ಹೇಳಿದ್ದು, ಅವಳಿಗೆ ಅವಳಜ್ಜಿ ಹೇಳಿದ್ದು. ಬಹಳ ಹಿಂದೆ ಹೊಳೆಯ ದಂಡೆಗೆ ಒಂದು ಪೇಟೆಯಿತ್ತಂತೆ. ಅಲ್ಲಿ ಹಂಪವ್ವ ಎಂಬ ಸೂಲಗಿತ್ತಿ ಇದ್ದಳಂತೆ. ಅಡ್ಡ ತಿರುಗಿದ ಕೂಸನ್ನು ಬರೀ ಅಂಗೈಯಿಂದ ಸವರಿ ನೆಟ್ಟಗೆ ಮಾಡುತ್ತಿದ್ದಳಂತೆ. ತುಂಬಿದ ಹೊಳೆಯನ್ನು ಈಜಿ ಹೋಗಿ ಹೆರಿಗೆ ಮಾಡಿಸಿ ಬಂದಳು ಅಂತಲೂ ಹೇಳುತ್ತಾರೆ. ಹೇಳುವವರ ಬಾಯಿಗೆ ಬೀಗ ಹಾಕಲಾದೀತೇ? ಅವಳ ಕೈಯಲ್ಲಿ ಒಂದು ಕೂಸೂ ಸತ್ತಿಲ್ಲ ಅನ್ನುವುದನ್ನು ಮಾತ್ರ ನಾನು ನಂಬುತ್ತೇನೆ.

ಪೇಟೆ ಬೆಳೆಯಿತು. ನೂಲಿಗೆ ಬಣ್ಣ ಹಾಕುವವರು ಬಂದರು, ಗಾಣದವರು ಬಂದರು, ದನದ ವ್ಯಾಪಾರದವರು ಬಂದರು. ಎಲ್ಲರ ಮೋರಿಯೂ ಹೊಳೆಗೇ. ಹರಿಯುವ ಹೊಳೆ, ಎಲ್ಲ ಒಯ್ಯುತ್ತದೆ ಎಂದರಂತೆ. ಒಯ್ಯುತ್ತಿತ್ತು, ಸುಳ್ಳಲ್ಲ. ಕೆಳಗಿನ ಕೇರಿಯವರ ಕೊಡಕ್ಕೆ ಒಯ್ಯುತ್ತಿತ್ತು.

ಒಂದು ಬೇಸಿಗೆ ಆ ಕೇರಿಯಲ್ಲಿ ನಾಲ್ಕು ಎಳೆಗೂಸುಗಳು ವಾಂತಿಭೇದಿಯಾಗಿ ಸತ್ತವಂತೆ. ನಾಲ್ಕೂ ಹಂಪವ್ವನ ಕೈಯಲ್ಲಿ ಹುಟ್ಟಿದವು. ಜನ ದೃಷ್ಟಿ ಅಂದರು, ಗಾಳಿ ಅಂದರು. ಹಂಪವ್ವ ಮಗಳು ನೀಲವ್ವನನ್ನು ಕೊಟ್ಟದ್ದೂ ಅದೇ ಕೇರಿಗೆ. ನೀಲವ್ವನಿಗೆ ಆಗ ಎಂಟು ತಿಂಗಳ ಬಸಿರು. ಮುದುಕಿಗೆ ಅನ್ನ ಸೇರಲಿಲ್ಲ.

ಮಗಳು ನೀರು ತುಂಬುವ ಜಾಗದಿಂದ ಹಂಪವ್ವ ದಂಡೆ ಹಿಡಿದು ಮೇಲಕ್ಕೆ ನಡೆದಳಂತೆ. ದನ ತೊಳೆಯುವಲ್ಲಿ ಬೈದಳು, ಗಾಣದ ಮೋರಿ ಕಂಡು ಬೈದಳು, ಬಣ್ಣದವರ ನೀಲಿ ನೀರು ಕಂಡು ಇನ್ನೂ ಜೋರಾಗಿ ಬೈದಳು. ಹೀಗೆ ಬೈಯುತ್ತಲೇ ಮೇಲಿನ ಒಂದು ಬಂಡೆಯ ಹತ್ತಿರ ಬಂದು ನಿಂತಳಂತೆ. ಅದು ಅವಳದೇ ಬಂಡೆ. ಮೂವತ್ತು ವರ್ಷ ಹೆರಿಗೆಯ ಬಟ್ಟೆಗಳನ್ನು ಒಗೆದ ಬಂಡೆ. ಅಲ್ಲಿಯ ನೀರನ್ನು ಬೊಗಸೆಯಲ್ಲಿ ತುಂಬಿ ಬಾಯಿವರೆಗೆ ತಂದಳು. ಕುಡಿಯಲಾಗಲಿಲ್ಲ.

ಮರುದಿನ ಹಿರಿಯರನ್ನೆಲ್ಲ ಚಾವಡಿಗೆ ಕರೆಸಿದಳಂತೆ. ಬಣ್ಣದವರು ಗಾಣದವರನ್ನು ದೂರಿದರು, ಗಾಣದವರು ದನದವರನ್ನು ದೂರಿದರು. ಆಗ ಹಂಪವ್ವ ಎದ್ದು ನಿಂತಳು.

“ಮೊದಲನೇ ತಪ್ಪು ನಂದು. ನನಗ ಕುಡಿಯಾಕ ಆಗದ ನೀರು, ನನ್ನ ಕೈಯಾಗ ಹುಟ್ಟಿದ ಕೂಸುಗಳಿಗೆ ಕುಡಿಸೀನಿ. ನೀವೂ ಹೊಳಿಗೆ ಬಿಡ್ರಪಾ, ಬ್ಯಾಡ ಅನ್ನಂಗಿಲ್ಲ. ಆದ್ರ ಕುಡದು ಬಿಡ್ರಿ.”

ಕೆಲವರು ನಕ್ಕರಂತೆ. ಅವಳು ಒಬ್ಬೊಬ್ಬರನ್ನೂ ಅವರವರ ಮೋರಿಯ ಬಾಯಿಗೆ ಕರೆದೊಯ್ದು ತಂಬಿಗೆ ತುಂಬಿಕೊಟ್ಟಳು. ಬಣ್ಣದವರ ಯಜಮಾನ ತಂಬಿಗೆಯನ್ನು ಮೂಗಿನವರೆಗೆ ಎತ್ತಿದ, ಇಳಿಸಿದ. ಉಳಿದವರು ಅಷ್ಟೂ ಎತ್ತಲಿಲ್ಲ. ಆ ವಾರವೇ ಹೊಳೆಯಿಂದ ದೂರದಲ್ಲಿ ಗುಂಡಿ ತೋಡಿ, ಮೋರಿಗಳನ್ನು ಆ ಕಡೆ ತಿರುಗಿಸಿದರಂತೆ. ಹಂಪವ್ವ ಬಂಡೆ ಬಿಟ್ಟು, ಹಿತ್ತಲಿನಲ್ಲಿ ಬಟ್ಟೆ ಒಗೆಯತೊಡಗಿದಳು.

ನೀಲವ್ವನಿಗೆ ಹೆಣ್ಣು ಹುಟ್ಟಿತು, ಬದುಕಿತು. ಅವಳೇ ನಮ್ಮಜ್ಜಿಯ ಅಜ್ಜಿ.

ಇಂದಿಗೂ ಆ ಪೇಟೆಯಲ್ಲಿ ಮೋರಿ ತೋಡುವವರು ಹೊಳೆಯ ಕಡೆ ಗುದ್ದಲಿ ತಿರುಗಿಸಿದರೆ, ಓಣಿಯ ಮುದುಕಿಯರು ಒಂದು ತಂಬಿಗೆ ಕೊಳೆನೀರು ತಂದು ಎದುರಿಗೆ ಇಡುತ್ತಾರೆ. ‘ಕುಡಿದು ಬಿಡು’ ಅನ್ನುತ್ತಾರೆ, ಅಷ್ಟೇ. ಇದುವರೆಗೆ ಆ ತಂಬಿಗೆಗೆ ಯಾರೂ ಬಾಯಿ ಹಚ್ಚಿಲ್ಲ. ಮೋರಿ ಗುಂಡಿಯ ಕಡೆಗೇ ಹೋಗುತ್ತದೆ.