ಗರಿಗಾಲಿನ ಹೇಂಟೆಯ ಚೊಚ್ಚಲ ಮೊಟ್ಟೆ

ಯಾವುದೋ ಕಾಲ, ಯಾವುದೋ ಊರು. ಆ ಊರಿಗೊಬ್ಬ ಪಾಳೇಗಾರ ಇದ್ದನಂತೆ. ಬೇರೆಯವರಿಗೆ ಆನೆ ಕುದುರೆ ಹುಚ್ಚಾದರೆ ಇವನಿಗೆ ಕೋಳಿ ಹುಚ್ಚು. ಏಳು ಗಾವುದ ದೂರದಿಂದ ಕೋಳಿ ತರಿಸಿ ಅರಮನೆ ಹಿತ್ತಲಲ್ಲಿ ಸಾಕಿದ್ದನಂತೆ. ಕಾಲ ತುಂಬ ಗರಿ, ಬಿಳೀ ಕಿವಿ, ಹಾಲಿನಂಥ ಬಿಳೀ ಮೊಟ್ಟೆ. ಅದರ ಮೊಟ್ಟೆ ಕದ್ದವರು ಊರು ಬಿಡಬೇಕು ಅಂತ ಅಪ್ಪಣೆಯಾಗಿತ್ತು.

ಗೋಡೆಯಾಚೆ ಕೆಂಚವ್ವ ಅನ್ನೋ ಮುದುಕಿ. ಅವಳಿಗಿದ್ದದ್ದು ಒಂದು ಗುಡಿಸಲು, ಬೆಲ್ಲದ ಬಣ್ಣದ ಮೊಟ್ಟೆ ಇಡೋ ಒಂದು ಕೆಂಪು ನಾಟಿ ಕೋಳಿ. ಅದು ಮರಿ ಮಾಡಿತು. ಮರಿಗಳಲ್ಲಿ ಒಂದು ಹೇಂಟೆಗೆ ಬೆಳೀತಾ ಬೆಳೀತಾ ಕಾಲ ತುಂಬ ಗರಿ ಬಂತಂತೆ. ಅರಮನೆ ಕೋಳಿ ಕಾಯೋ ಸಿಂಗಪ್ಪ ಅದನ್ನು ಕಂಡವನೇ, ಮುದುಕಿಯನ್ನೂ ಕೋಳಿಯನ್ನೂ ಪಾಳೇಗಾರನ ಮುಂದೆ ತಂದು ನಿಲ್ಲಿಸಿದ.

“ಬುದ್ಧಿ, ಇವಳು ನಮ್ಮ ಮೊಟ್ಟೆ ಕದ್ದು ಕಾವಿಗಿಟ್ಟವಳೆ. ಕಾಲು ನೋಡಿ.”

“ಕಾಲು ನಿಮ್ಮ ಹುಂಜದ್ದೇ ಬುದ್ಧಿ, ಅದು ದಿನಾ ನಮ್ಮ ಹಿತ್ತಲಿಗೆ ಬರ್ತಿತ್ತು,” ಅಂದಳು ಕೆಂಚವ್ವ. “ಕಿವಿ ನೋಡಿ. ಕೆಂಪು, ನಡುವೆ ಚೂರು ಬಿಳಿ. ತಾಯಿ ನಮ್ಮ ಕೋಳಿ.”

“ಹುಂಜ ಬಾಗಿಲು ದಾಟೇ ಇಲ್ಲ,” ಅಂದ ಸಿಂಗಪ್ಪ. ದಾಟಿತ್ತು. ಬಾಗಿಲು ಮುಚ್ಚದೆ ಗೊರಕೆ ಹೊಡೀತಿದ್ದ ಮಹಾರಾಯ ಅವನೇ.

“ಇದಿನ್ನೂ ಮೊಟ್ಟೆ ಇಟ್ಟಿಲ್ಲ, ನಿಮ್ಮಲ್ಲೇ ಇರಲಿ,” ಅಂದಳು ಕೆಂಚವ್ವ. “ಹಾಲಿನಂಥ ಮೊಟ್ಟೆ ಇಟ್ಟರೆ ನಾನು ಕಳ್ಳಿ, ಊರು ಬಿಡ್ತೀನಿ. ಜಾತಿ ಬೆರೆತಿದ್ರೆ ಮೊಟ್ಟೆ ಬಣ್ಣಾನೂ ಬೆರೆತಿರ್ತದೆ.” ಎಂಥಾ ಎದೆಗಾರಿಕೆ ನೋಡಿ ಆ ಮುದುಕಿಯದು.

ಕೋಳಿ ಮೇಲೆ ಬುಟ್ಟಿ ಕವುಚಿದರು. ಒಂದು ದಿನ ಆಯ್ತು, ಎರಡು ದಿನ ಆಯ್ತು, ಮೂರನೇ ದಿನ ಬುಟ್ಟಿ ಎತ್ತಿದರೆ ಅಚ್ಚ ಬಿಳೀ ಮೊಟ್ಟೆ ಇತ್ತಂತೆ. ಸಿಂಗಪ್ಪ ಮೀಸೆ ತಿರುವಿದ. ಕೆಂಚವ್ವನಿಗೆ ಅದು ಹುಟ್ಟಿದ ಊರು, ಗಂಡನನ್ನು ಮಣ್ಣು ಮಾಡಿದ ಊರು. ಈ ವಯಸ್ಸಲ್ಲಿ ಎಲ್ಲಿಗೆ ಹೋಗಬೇಕು?

ಆದರೂ ಮೊಟ್ಟೆಯನ್ನು ಕೈಗೆ ತಗೊಂಡು ತಿರುಗಿಸಿ ನೋಡಿದಳು. ಹೇಂಟೆಯನ್ನೆತ್ತಿ ಬಾಲದ ಕೆಳಗೆ ಬೆರಳಾಡಿಸಿದಳು.

“ಬುದ್ಧಿ, ಈ ಮೊಟ್ಟೆ ನನ್ನ ಅಂಗೈ ತುಂಬ ಐತೆ. ಚೊಚ್ಚಲ ಮೊಟ್ಟೆ ಇಷ್ಟು ದಪ್ಪ ಇರಲ್ಲ. ಮೊಟ್ಟೆ ಇಡೋ ಕೋಳಿಗೆ ಹಿಂದಿನ ಮೂಳೆ ಅಗಲ ಆಗಿರ್ತವೆ, ಇದರ ಮೂಳೆಗಳ ನಡುವೆ ಎರಡು ಬೆರಳೂ ಹಿಡಿಯಲ್ಲ. ಮೊಟ್ಟೆ ಬಂದದ್ದು ಎಲ್ಲಿಂದ?”

ಪಾಳೇಗಾರ ತಾನೇ ಬೆರಳಿಟ್ಟು ನೋಡಿದ. ಸಿಂಗಪ್ಪನ ಮುಖ ನೋಡಿದ. ಅವತ್ತಿಂದ ಬುಟ್ಟಿ ಪಕ್ಕ ತಾನೇ ಕೂತನಂತೆ, ಊಟ ನಿದ್ದೆ ಎಲ್ಲ ಅಲ್ಲೇ. ಹನ್ನೊಂದನೇ ದಿನ ಹೇಂಟೆ ಕೊಕ್ಕೊಕ್ಕೋ ಅಂತ ಊರಿಗೆಲ್ಲ ಸಾರಿತು. ಎತ್ತಿ ನೋಡಿದರೆ ಪುಟ್ಟ ಮೊಟ್ಟೆ, ಮೇಲೊಂದು ರಕ್ತದ ಗೆರೆ, ಹಾಲಿಗೆ ಬೆಲ್ಲ ಕದಡಿದ ಬಣ್ಣ.

“ಕೆಂಚವ್ವ,” ಅಂದ ಪಾಳೇಗಾರ, “ಇಷ್ಟು ವರ್ಷ ನಾನು ಕೋಳಿ ಸಾಕಿದೆ, ನೋಡಿದವಳು ನೀನು.” ಸಿಂಗಪ್ಪನಿಗೆ ಊರಾಚೆಯ ದಾರಿ ತೋರಿಸಿ, ಹಿತ್ತಲ ಬಾಗಿಲ ಬೀಗದ ಕೈಯನ್ನು ಮುದುಕಿ ಮುಂದೆ ಹಿಡಿದ.

“ಬೀಗದ ಕೈ ಯಾಕೆ ಬುದ್ಧಿ,” ಅಂದಳಂತೆ ಕೆಂಚವ್ವ. “ಬಾಗಿಲು ತೆಗೆದಿಡಿ ಸಾಕು. ಆ ಹುಂಜ ದಾರಿ ಕಾಯ್ತಿರ್ತದೆ.”

ಅವತ್ತಿಂದ ಆ ಬಾಗಿಲು ಮುಚ್ಚಲಿಲ್ಲವಂತೆ. ಮೊಟ್ಟೆ ಅವರ ಗೂಡಿಗೆ, ಕಥೆ ನಮ್ಮ ಮಡಿಲಿಗೆ.