ಹಗುರಾದ ಸೈಕಲ್

"ಅಜ್ಜಾರ, ಮನಸ್ಸು ಹಗುರಾದ್ರ ಅದು ದೇವರ ಕೃಪಾನ ಹೌದಲ್ರಿ?" ಎಂದು ಶಿಷ್ಯ ಕೇಳಿದ.

ಮಠದ ಅಜ್ಜನವರು ಸಂಜೆಯ ಪೂಜೆಗೆ ಬಿಲ್ವಪತ್ರೆ ಆರಿಸುತ್ತ ಕೂತಿದ್ದರು. ಶಿಷ್ಯನ ಹೆಸರು ಈರಯ್ಯ. ತಾಯಿಯಿಲ್ಲದ ಅವನನ್ನು ಸಾಕಿದವಳು ಅಕ್ಕ. ಮಠಕ್ಕೆ ತಂದು ಬಿಟ್ಟವಳೂ ಅವಳೇ. ಅಮಾವಾಸ್ಯೆಗೊಮ್ಮೆ ನಾಲ್ಕು ಹರಿದಾರಿ ನಡೆದು ಬಂದು, ತಮ್ಮನಿಗೆಂದು ರೊಟ್ಟಿಯ ಗಂಟು ಕೊಟ್ಟು, ದೂರದಿಂದಲೇ ಅವನ ಮುಖ ನೋಡಿ ಹೋಗುವುದು ಅವಳ ರೂಢಿ.

"ಮೊದಲ ಜಪಕ್ಕ ಕೂತ್ರ ಅಕ್ಕನ ಮುಖಾನ ಕಣ್ಣಮುಂದ ಬರ್ತಿತ್ರಿ," ಎಂದ ಈರಯ್ಯ. "ಈಗ ಯಾರ ಮುಖಾನೂ ಬರೂದಿಲ್ಲ. ಎದಿಮ್ಯಾಲಿನ ಕಲ್ಲು ಇಳಿಸಿದಂಗ ಆಗೇತ್ರಿ."

ಅಜ್ಜನವರು ಒಂದು ಎಲೆಯನ್ನು ತಿರುಗಿಸಿ ನೋಡಿ ಬುಟ್ಟಿಗೆ ಹಾಕಿದರು. ಆಮೇಲೆ ಈ ಕತೆ ಹೇಳಿದರು.

ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಸೈಕಲ್ಲಿನ ಕ್ಯಾರಿಯರ್ ಮೇಲೆ ಕೊಡ, ತಪ್ಪೇಲಿ, ಪರಾತಗಳನ್ನು ಆಳೆತ್ತರ ಕಟ್ಟಿಕೊಂಡು ಊರೂರು ತಿರುಗುತ್ತಿದ್ದ. ಬೆಳಿಗ್ಗೆ ಹೊರಡುವಾಗ ಸೈಕಲ್ ಬಂಡಿಯಷ್ಟು ಭಾರ. ಒಂದೊಂದು ಪಾತ್ರೆ ಮಾರಿದಂತೆಲ್ಲ ಹಗುರ. ಸಂಜೆ ಪೆಡಲು ತಾನಾಗಿ ತಿರುಗಿದರೆ ಆ ದಿನ ದೇವರು ಕಣ್ಣು ಬಿಟ್ಟ ಎಂದು ಅರ್ಥ. ಹೀಗೆ ಇಪ್ಪತ್ತು ವರ್ಷ ಅವನು ದೇವರ ಕೃಪೆಯನ್ನು ತನ್ನ ಕಾಲುಗಳಿಂದಲೇ ಅಳೆದಿದ್ದ.

ಒಂದು ಸಲ ಅವನ ಹೆಂಡತಿ ನೀಲವ್ವ ಜ್ವರ ಬಂದು, ಕಾಲು ಸೆಟೆದು, ಹಾಸಿಗೆ ಹಿಡಿದಳು. ವ್ಯಾಪಾರಿ ಗುಡ್ಡದ ಮಲ್ಲಯ್ಯನಿಗೆ ಹರಕೆ ಹೊತ್ತ. "ಇಕಿ ಎದ್ದು ತನ್ನ ಕಾಲಮ್ಯಾಲ ನಿಂತ್ರ, ವರ್ಷ ತುಂಬೂದರೊಳಗ ಇದೇ ಸೈಕಲ್ ಮ್ಯಾಲ ಕೂರಿಸಿಕೊಂಡು ಬಂದು ನಿನ್ನ ಬಾಗಿಲಿಗೆ ನಿಲ್ಲಸ್ತೀನಿ."

ದೇವರು ತಡಮಾಡಲಿಲ್ಲ. ಎರಡು ತಿಂಗಳಿಗೆ ನೀಲವ್ವ ಎದ್ದು ನಡೆದಳು. ತಡಮಾಡಿದವನು ವ್ಯಾಪಾರಿ. ದೀಪಾವಳಿ ಆಗಲಿ ಎಂದ, ಸಂಕ್ರಾಂತಿ ಕಳೆಯಲಿ ಎಂದ, ಯುಗಾದಿ ಹೋಗಲಿ ಎಂದ. ಕಣ್ಣು ಬಿಟ್ಟು ನೋಡಿದರೆ ವೈಶಾಖ ಬಂದಿತ್ತು. ಹುಣ್ಣಿಮೆಗೆ ವರ್ಷ ತುಂಬುತ್ತಿತ್ತು. ಉಳಿದದ್ದು ಮೂರು ದಿನ. ಗುಡ್ಡವೂ ಮೂರು ದಿನದ ದಾರಿ. ಹುಣ್ಣಿಮೆಯ ಹೊತ್ತು ಮುಳುಗುವುದರೊಳಗೆ ಹೆಂಡತಿ ಆ ಬಾಗಿಲಲ್ಲಿ ನಿಲ್ಲದಿದ್ದರೆ ದೇವರಿಗೆ ಕೊಟ್ಟ ಮಾತು ಸುಳ್ಳಾಗುತ್ತಿತ್ತು.

ಮನೆಮಂದಿ ಮೂವರೂ ಹೊರಟರು. ಕ್ಯಾರಿಯರ್ ಮೇಲೆ ಕೌದಿ ಮಡಚಿ ಹಾಕಿ ನೀಲವ್ವ ಕೂತಳು. ಮಗಳು ತನಗೆ ಶಾಲೆಯಲ್ಲಿ ಕೊಟ್ಟ ಸೈಕಲ್ಲಿಗೆ ನೀರು, ಬುತ್ತಿ ಕಟ್ಟಿಕೊಂಡು ಹಿಂದೆ ಬಂದಳು. ಬಿಸಿಲು ಬಡಿಯಬಾರದೆಂದು ನೀಲವ್ವ ಒಬ್ಬೊಬ್ಬರಿಗೆ ಒಂದೊಂದು ಉಳ್ಳಾಗಡ್ಡಿ ಕೊಟ್ಟು, ತನ್ನದನ್ನು ಕೌದಿಯ ಮಡಿಕೆಯಲ್ಲಿ ಸಿಕ್ಕಿಸಿಕೊಂಡಳು. ವ್ಯಾಪಾರಿ ಒದ್ದೆ ಟವೆಲನ್ನು ಕಿವಿ ಮುಚ್ಚುವಂತೆ ತಲೆಗೆ ಸುತ್ತಿ, ಮಲ್ಲಯ್ಯನ ಹೆಸರು ಹೇಳಿ ಪೆಡಲು ತುಳಿದ.

ಅವರ ಮನೆತನದಲ್ಲಿ ಒಂದು ಕಟ್ಟು ಇತ್ತು. ಹರಕೆಗೆ ಹೊರಟವನು ಸೈಕಲ್ ಹತ್ತಿದ ಮೇಲೆ ತಿರುಗಿ ನೋಡಬಾರದು. ಅವನ ಅಪ್ಪ ಒಮ್ಮೆ ಹಾಗೆ ತಿರುಗಿ ನೋಡಿ, ಸೈಕಲ್ ಸಮೇತ ಕಾಲುವೆಗೆ ಬಿದ್ದಿದ್ದ. "ಮಾವಾರು ಬಿದ್ದದ್ದು ಹಿಂದ ನೋಡಿದ್ದಕ್ಕಲ್ಲ, ಮುಂದ ನೋಡದ್ದಕ್ಕ," ಎಂದು ನೀಲವ್ವ ಲಗ್ನವಾದಂದಿನಿಂದ ಹೇಳುತ್ತಿದ್ದಳು. ಆದರೆ ಕಟ್ಟು ಕಟ್ಟೇ.

ಬಿಸಿಲು ಹೇಗಿತ್ತೆಂದರೆ ಡಾಂಬರು ಕರಗಿ ಟೈರಿಗೆ ಅಂಟುತ್ತಿತ್ತು. ಟ್ಯೂಬು ಸಿಡಿದೀತೆಂದು ಒಂದಷ್ಟು ಗಾಳಿ ಬಿಟ್ಟುಕೊಂಡೇ ಓಡಿಸುತ್ತಿದ್ದರು. "ಅಪ್ಪಾ, ಹಿಟ್ಟು ತಂದಿದ್ರ ರಸ್ತೆ ಮ್ಯಾಲೇ ರೊಟ್ಟಿ ಸುಡಬಹುದಿತ್ತು," ಎಂದಳು ಮಗಳು. ಎರಡು ದಿನ ಹಾಗೆಯೇ ಸಾಗಿದರು.

ಮೂರನೆಯ ದಿನ, ಹುಣ್ಣಿಮೆಯ ಮಧ್ಯಾಹ್ನ, ಕೊನೆಯ ಏರು ಬಂತು. ಅದನ್ನು ದಾಟಿದರೆ ಉದ್ದನೆಯ ಇಳಿಜಾರು, ಅದರ ತುದಿಗೆ ಗುಡಿ. ಮಗಳು ಬುದ್ಧಿವಂತೆ, ಬುಡದಲ್ಲೇ ಇಳಿದು ಸೈಕಲ್ ನೂಕಿಕೊಂಡು ನಿಧಾನ ಬರತೊಡಗಿದಳು. ವ್ಯಾಪಾರಿ ಇಳಿಯಲಿಲ್ಲ. ಕೂರಿಸಿಕೊಂಡು ಬರುತ್ತೇನೆ ಎಂದವನು ನಡೆಸಿಕೊಂಡು ಹೋದರೆ ದೇವರು ಏನಂದಾನು? ಅರ್ಧ ಏರಿಗೆ ತೊಡೆ ನಡುಗಿತು. ಉಸಿರು ಮೇಲೆ ಕೆಳಗೆ ಆಯಿತು. ಸೈಕಲ್ ಇನ್ನೇನು ನಿಂತಿತು ಎನ್ನುವಾಗ, "ಮಲ್ಲಯ್ಯಾ, ನನ್ನಿಂದ ಆಗೂದಿಲ್ಲೋ! ಹಿಂದಿನಿಂದ ಒಂದು ಕೈ ಹಚ್ಚೋ ತಂದೇ!" ಎಂದು ಕೂಗಿದ.

ಹಿಂದಿನಿಂದ ಕೈ ಹತ್ತಿತು. ಸೈಕಲ್ ಹಗುರಾಯಿತು. ಪೆಡಲು ತಾನಾಗಿ ತಿರುಗಿತು. ಇಪ್ಪತ್ತು ವರ್ಷ ಪಳಗಿದ ಕಾಲಿಗೆ ಅನುಮಾನವೇ ಬರಲಿಲ್ಲ, ಇದು ಕೃಪೆ. ವ್ಯಾಪಾರಿ ಗಂಟಲು ಬಿಚ್ಚಿ ದೇವರ ಹೆಸರು ಕೂಗುತ್ತ ನೆತ್ತಿ ದಾಟಿ, ಇಳಿಜಾರಿಗೆ ಗಾಳಿಯಂತೆ ಇಳಿದ.

"ನೋಡಿದೇನ, ದೇವರು ಹೆಂಗ ನೂಕಿದ!" ಎಂದ. ಹಿಂದಿನಿಂದ ಮಾತಿಲ್ಲ. "ಇನ್ನರೆ ಒಪ್ಪಿಕೊಳ್ತಿಯೋ ಇಲ್ಲೋ, ನಮ್ಮಪ್ಪನ ಕಟ್ಟು ಖರೆ ಅಂತ?" ಎಂದ. ಅದಕ್ಕೂ ಎದುರುಮಾತಿಲ್ಲ. ನೀಲವ್ವ ಎದುರಾಡದೆ ಒಂದು ಹರಿದಾರಿ ಬಂದದ್ದು ಇದೇ ಮೊದಲು. ವ್ಯಾಪಾರಿಯ ಕಣ್ಣು ತುಂಬಿ ಬಂತು. ಒಂದೇ ಮಧ್ಯಾಹ್ನ ದೇವರು ಎರಡು ಪವಾಡ ಮಾಡಿದ್ದ.

ಗುಡಿಯ ಕಟ್ಟೆಯ ಮೇಲೆ ಪೂಜಾರಿ ಬೀಸಣಿಗೆ ಬೀಸಿಕೊಳ್ಳುತ್ತ ಕೂತಿದ್ದ. ವ್ಯಾಪಾರಿ ಸೈಕಲ್ ಮೇಲೆಯೇ ಒಂದು ಕಾಲು ಊರಿ ನಿಂತು ಕೈಮುಗಿದ.

"ಹರಕಿ ಮುಟ್ಟಿಸಾಕ ಬಂದೀನ್ರಿ. ಮಾತು ಕೊಟ್ಟಂಗ ಹೆಂಡತೀನ ಕೂರಿಸಿಕೊಂಡು ಬಂದೀನಿ."

"ಎಲ್ಲಿ ಅದಾಳ?"

ವ್ಯಾಪಾರಿ ತಿರುಗದೆ ಹೆಬ್ಬೆರಳಿನಿಂದ ಹಿಂದೆ ತೋರಿಸಿದ. ಪೂಜಾರಿ ಎದ್ದು ಬಂದ. ಬಗ್ಗಿ ನೋಡಿದ. ಕಣ್ಣೊರೆಸಿಕೊಂಡು ಇನ್ನೊಮ್ಮೆ ನೋಡಿದ.

"ಯಪ್ಪಾ, ಇಲ್ಲಿ ಒಂದು ಉಳ್ಳಾಗಡ್ಡಿ ಐತಿ," ಎಂದ.

ವ್ಯಾಪಾರಿ ತಿರುಗಿ ನೋಡಿದ. ಕೌದಿ ಇತ್ತು. ಕೌದಿಯ ಮಡಿಕೆಯಲ್ಲಿ ಉಳ್ಳಾಗಡ್ಡಿ ಇತ್ತು. ಹೆಂಡತಿ ಇರಲಿಲ್ಲ.

ಒಮ್ಮೆ ಸೆಟೆದು ಮತ್ತೆ ನಡೆಯಲು ಕಲಿತ ಕಾಲು. ಕೈಯಲ್ಲಿ ಹನಿ ನೀರಿಲ್ಲ. ಮೇಲೆ ಆ ಬಿಸಿಲು. ವ್ಯಾಪಾರಿಗೆ ಕಟ್ಟೂ ನೆನಪಾಗಲಿಲ್ಲ, ಕಾಲುವೆಯೂ ನೆನಪಾಗಲಿಲ್ಲ. ಬಂದ ದಾರಿಯಲ್ಲೇ ಸೈಕಲ್ ಹೊರಳಿಸಿದ. ಇಳಿಜಾರು ಈಗ ಏರಾಗಿತ್ತು. ನೂಕುವವರು ಯಾರೂ ಇರಲಿಲ್ಲ. ಇಪ್ಪತ್ತು ವರ್ಷದಲ್ಲಿ ಖಾಲಿ ಸೈಕಲ್ ಅಷ್ಟು ಭಾರವಾದದ್ದು ಅವನು ಕಂಡಿರಲಿಲ್ಲ. ದಾರಿಯುದ್ದಕ್ಕೂ ಮಲ್ಲಯ್ಯನ ಹೆಸರು ಬಾಯಿಗೆ ಬರಲಿಲ್ಲ. "ನೀಲಾ, ನೀಲಾ" ಎನ್ನುತ್ತ ತುಳಿದ. ಮಲ್ಲಯ್ಯ ಅದನ್ನು ತನ್ನ ಹೆಸರೆಂದೇ ತಿಳಿದಿರಬೇಕು.

ನೆತ್ತಿಯ ಮೇಲೆ ಒಂದು ಬೇವಿನ ಮರ. ಅದರ ಕೆಳಗೆ ತಾಯಿ, ಮಗಳು ಬುತ್ತಿ ಬಿಚ್ಚಿ, ಮೊಸರನ್ನಕ್ಕೆ ಮಗಳ ಪಾಲಿನ ಉಳ್ಳಾಗಡ್ಡಿ ನಂಜಿಕೊಂಡು ಉಣ್ಣುತ್ತಿದ್ದರು.

"ಎಲ್ಲಿ ಬಿದ್ದಿಯೇ?" ಎಂದು ಅಳುದನಿಯಲ್ಲಿ ಕೇಳಿದ.

"ಬೀಳಲಿಲ್ರಿ, ಇಳದೆ. ನಿಮ್ಮ ಉಸಿರು ಕೇಳಿ ಕರುಳು ಚುರ್ ಅಂತು. ಇಳದು ನೂಕಿದೆ. ಏರು ಮುಗಿದ ಮ್ಯಾಲ ನಿಲ್ತೀರಿ ಅಂದ್ಕೊಂಡೆ. ನೀವು ರೆಕ್ಕಿ ಬಂದವರಂಗ ಹಾರಿಹೋದ್ರಿ."

"ಒಂದು ಮಾತು ಕೂಗಬಾರದಾಗಿತ್ತ?"

"ಕೂಗಿದ್ನೆಲ್ರಿ! ನೀವು ದೇವರನ್ನ ಕೂಗಾಕತ್ತಿದ್ರಿ. ನನ್ನ ದನಿಗಿಂತ ನಿಮ್ಮ ದನಿ ದೊಡ್ಡದಿತ್ತು."

"ನನ್ನ ಸೈಕಲ್ ಮ್ಯಾಲ ಬಾ ಅಂದ್ರ ಅವ್ವ ಒಲ್ಲೆ ಅಂದ್ಲಪ್ಪ," ಎಂದಳು ಮಗಳು, ಬಾಯಿತುಂಬ ಅನ್ನ ಇಟ್ಟುಕೊಂಡೇ. "ಹರಕಿ ಇರೂದು ನಿನ್ನ ಸೈಕಲ್ಲಿಗೆ. ಮಲ್ಲಯ್ಯ ತನ್ನ ಬಾಗಿಲದಾಗಿಂದ ನಿನ್ನನ್ನ ಹೊಳ್ಳಿ ಕಳಸ್ತಾನ ಅಂತ ಕೂತಾಳ."

ನೀಲವ್ವ ಕೈ ತೊಳೆದುಕೊಂಡು ಕೌದಿಯ ಮೇಲೆ ಕೂತಳು. ಈ ಸಲ ವ್ಯಾಪಾರಿ ನಾಲ್ಕು ಮಾರಿಗೊಮ್ಮೆ ಎಡಗೈ ಹಿಂದೆ ಹಾಕಿ ಮುಟ್ಟಿ ನೋಡುತ್ತ ಓಡಿಸಿದ. ಐದನೆಯ ಸಲಕ್ಕೆ ನೀಲವ್ವ ಆ ಕೈಗೆ ಒಂದು ಪೆಟ್ಟು ಕೊಟ್ಟಳು. "ಅದೀನ್ರೀ! ಮುಂದ ನೋಡ್ರಿ, ಕಾಲುವಿ ಐತಿ." ಆ ಪೆಟ್ಟು ಅವನಿಗೆ ತೀರ್ಥ ಕುಡಿದಷ್ಟು ತಂಪಾಯಿತು.

ಹೊತ್ತು ಇನ್ನೂ ಗೇಣುದ್ದ ಇರುವಾಗ, ನೀಲವ್ವ ಮಲ್ಲಯ್ಯ ಕೊಟ್ಟ ಕಾಲಿನ ಮೇಲೆ ಮಲ್ಲಯ್ಯನ ಬಾಗಿಲಲ್ಲಿ ನಿಂತಳು.

ಕತೆ ಮುಗಿಯುವ ಹೊತ್ತಿಗೆ ಈರಯ್ಯ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. "ಎಂಥಾ ಮಳ್ಳ ಇದ್ದಾನ್ರಿ ಅಂವ! ಬೆನ್ನಹಿಂದ ಕೂತ ಮನುಷ್ಯಾಳು ಇಳದದ್ದು ಗೊತ್ತಾಗಬಾರದ?"

ಅಜ್ಜನವರು ಕೊನೆಯ ಎಲೆಯನ್ನು ಬುಟ್ಟಿಗೆ ಹಾಕಿ ಹೇಳಿದರು:

"ಈರಯ್ಯಾ, ಎರಡು ಅಮಾವಾಸ್ಯೆ ಆತು, ನಿಮ್ಮಕ್ಕನ ರೊಟ್ಟಿಗಂಟು ಬಂದಿಲ್ಲ."

ಈರಯ್ಯನ ನಗು ಅಲ್ಲೇ ನಿಂತಿತು.